ಆರನೇ ಟೇಬಲ್ಲಿನ ಮೂಲೆ

ಭಾನುವಾರ, ಬೆಳಿಗ್ಗೆ ಹತ್ತು ಗಂಟೆ

ಮುನಿಸಿಕೊಂಡರೂ ಕಾಗದವನ್ನು ಪೂರ್ತಿ ಓದುವ ನನ್ನ ಚಿಕ್ಕಮ್ಮನಿಗೆ,

ನಿಮ್ಮ ಕಾಗದ ಬಂತು. ಮೊಣಕಾಲಿನ ಆಪರೇಷನ್ನನ್ನು ಮೂರು ಸಲ ಮುಂದೂಡಿದ್ದು ಮೊಣಕಾಲಿನ ಭಯಕ್ಕಲ್ಲ, ಅದಕ್ಕೆ ಮೊದಲು ರಕ್ತ ತೆಗೆಯುತ್ತಾರಲ್ಲ, ಆ ಸೂಜಿಯ ಭಯಕ್ಕೆ ಎಂದು ಕೊನೆಗೂ ಒಪ್ಪಿಕೊಂಡಿರಿ. ಹೋದ ಸಲ ಅಲ್ಲಿನ ಆಸ್ಪತ್ರೆಯವರು ಐದು ಕಡೆ ಚುಚ್ಚಿ, ನಿಮ್ಮ ನರ ದಾರದ ಹಾಗಿದೆ ಅಂದರಂತೆ. ನಿಜ ಹೇಳು, ನನ್ನ ನರ ಅಷ್ಟು ಸಣ್ಣದಾ ಎಂದು ಕೇಳಿದ್ದೀರಿ. ಉತ್ತರ ಕೊಡುತ್ತೇನೆ. ಆದರೆ ಅದಕ್ಕೆ ಮೊದಲು ನಿಮ್ಮದೊಂದು ಹಳೆಯ ಕಳ್ಳಾಟ ಸಿಕ್ಕಿಬಿದ್ದಿದೆ. ಅದರ ವಿಚಾರಣೆ ಮುಗಿಯಲಿ.

ನೀವು ಹೇಳಿದ ಹಾಗೆ ನಿನ್ನೆ ಪೂಲ್ ಆಟದ ಹಾಲಿಗೆ ಹೋಗಿದ್ದೆ. ಮೆಟ್ಟಿಲಿಲ್ಲದ ಮನೆ ಬೇಕೆಂದು ನೀವೂ ಅಪ್ಪನೂ ಆ ಊರಿಗೆ ಹೋದ ಮೇಲೆ ನಿಮ್ಮ ಸಾಮಾನಿನ ಪೆಟ್ಟಿಗೆ ಅಲ್ಲೇ ಬಿದ್ದಿತ್ತಲ್ಲ, ಅದನ್ನು ತರಲು. ಇಪ್ಪತ್ತೆರಡು ವರ್ಷ ನೀವು ಟೇಬಲ್ಲುಗಳಿಗೆ ಹಸಿರು ಬಟ್ಟೆ ಬಿಗಿದ ಇಕ್ಕಳ, ರಬ್ಬರ್ ಅಂಚು ಕೂರಿಸಿದ ಸುತ್ತಿಗೆ ಎಲ್ಲ ಕ್ಷೇಮವಾಗಿವೆ. ನಿಮ್ಮ ಜಾಗಕ್ಕೆ ಬಂದಿರುವ ಮೇಸ್ತ್ರಿ ಬಟ್ಟೆ ಬದಲಿಸಲೆಂದು ಒಂದು ಟೇಬಲ್ಲನ್ನು ಬಿಚ್ಚುತ್ತಿದ್ದರು. ಆರನೇ ಟೇಬಲ್. ಇಷ್ಟು ಓದಿದ್ದಕ್ಕೇ ಆ ಕಳ್ಳಾಟ ಯಾವುದೆಂದು ನಿಮಗೆ ಹೊಳೆದಿರಬೇಕು.

ಹನ್ನೊಂದು ವರ್ಷದ ಹಿಂದೆ ನನ್ನ ಕೈ ಕೆಟ್ಟಿದ್ದು ನಿಮಗೆ ನೆನಪಿದೆ. ಲ್ಯಾಬಿನಲ್ಲಿ ಎಳೆಮಕ್ಕಳ ರಕ್ತ ತೆಗೆಯಲು ನನ್ನನ್ನೇ ಕರೆಯುತ್ತಿದ್ದರು, ನನಗೂ ಸ್ವಲ್ಪ ಕೊಬ್ಬಿತ್ತು. ಒಂದು ದಿನ ಒಂದು ಕೂಸಿಗೆ ನಾಲ್ಕು ಸಲ ಚುಚ್ಚಿದರೂ ನರ ಸಿಗಲಿಲ್ಲ. ಅದರ ತಾಯಿ ಬೈಯಲಿಲ್ಲ, ಮಗುವಿನ ಕೈಯನ್ನು ನನ್ನ ಕೈಯಿಂದ ಬಿಡಿಸಿಕೊಂಡು ಹೊರಟುಹೋದರು. ಮಾರನೇ ದಿನದಿಂದ ಸೂಜಿ ಹಿಡಿದರೆ ಸಾಕು, ಕೈ ನಡುಗುತ್ತಿತ್ತು. ಕೈಯಲ್ಲಿ ಏನೂ ದೋಷವಿಲ್ಲ ಎಂದರು ಡಾಕ್ಟರು. ಲ್ಯಾಬಿನ ಹಿರಿಯರು ಎರಡು ತಿಂಗಳು ರಜೆ ಕೊಟ್ಟರು. ಅಷ್ಟರಲ್ಲಿ ಸರಿಹೋಗದಿದ್ದರೆ ನಾನು ಇನ್ನು ಮುಂದೆ ರಿಪೋರ್ಟು ಬರೆಯುವ ಕುರ್ಚಿಗೆ.

ಅಪ್ಪ ನನ್ನ ಕೋಣೆಯ ಬಾಗಿಲಾಚೆ ನಿಂತು ದಿನಾ ಬುದ್ಧಿ ಹೇಳಿದರು. ನೀವು ಹೇಳಲಿಲ್ಲ. ನೀವು ಅಪ್ಪನ ಕೈಹಿಡಿದು ಆ ಮನೆಗೆ ಬಂದು ಆರು ವರ್ಷವಾಗಿದ್ದರೂ ನಾನು ನಿಮ್ಮ ಜೊತೆ ಅಳೆದು ಸುರಿದು ಮಾತಾಡುತ್ತಿದ್ದ ಕಾಲ ಅದು. ಮಧ್ಯಾಹ್ನ ಹಾಲ್ ಖಾಲಿ ಇರತ್ತೆ, ಬಟ್ಟೆ ಎಳೆದು ಹಿಡಿಯೋಕೆ ಇನ್ನೊಂದು ಕೈ ಬೇಕು, ಬಾ ಅಂದಿರಿ. ಬಟ್ಟೆ ಬರೀ ನೆಪ ಎಂದು ಮೂರನೇ ದಿನ ಗೊತ್ತಾಯಿತು. ಅಷ್ಟು ಹೊತ್ತಿಗೆ ನನ್ನ ಕೈಯಲ್ಲಿ ಆಟದ ಕೋಲಿತ್ತು.

ಮೊದಲು ಬಣ್ಣದ ಚೆಂಡನ್ನು ಮೂಲೆಯ ಪಾಕೆಟ್ಟಿನ ಬಾಯಲ್ಲೇ ಇಟ್ಟು ಹೊಡೆಸಿದಿರಿ. ಹೇಗೆ ಹೊಡೆದರೂ ಬಿತ್ತು. ಆಮೇಲೆ ಒಂದು ಗೇಣು ಹಿಂದೆ, ಆಮೇಲೆ ಎರಡು ಗೇಣು. ಚೆಂಡು ದೂರ ಸರಿದಷ್ಟೂ ತಪ್ಪೋದಕ್ಕೆ ಜಾಗ ಕಮ್ಮಿ, ಇಲ್ಲಿ ಎಳ್ಳಷ್ಟು ಆಚೀಚೆ ಆದ್ರೆ ಅಲ್ಲಿ ಅಂಗೈಯಷ್ಟು ಆಗತ್ತೆ ಎಂದು ತೋರಿಸಿದಿರಿ. ಬಿಳಿ ಚೆಂಡು ಬಂದು ತಾಗಬೇಕಾದ ಜಾಗಕ್ಕೆ ಚಾಕಿನಿಂದ ಒಂದು ಚುಕ್ಕಿ ಇಟ್ಟು, ಬಣ್ಣದ್ದನ್ನ ಮರೆತುಬಿಡು, ಬಿಳೀದನ್ನ ತಂದು ಈ ಚುಕ್ಕಿ ಮೇಲೆ ಕೂರಿಸು ಅಂದಿರಿ. ಟೇಬಲ್ಲಿನ ನಡುಭಾಗದವರೆಗೆ ಎಲ್ಲ ಚೆನ್ನಾಗಿತ್ತು. ಅಲ್ಲಿಂದಾಚೆ ಹಾಳು ಕೈ ತನ್ನ ಆಟ ಶುರುಮಾಡಿತು. ಹತ್ತಕ್ಕೆ ಎರಡು ಬಿದ್ದರೆ ಹೆಚ್ಚು. ನಾನು ಕೋಲನ್ನು ಎಸೆದು ಹೊರಟಾಗ ನೀವು ಬಾಗಿಲಿಗೆ ಅಡ್ಡ ನಿಂತು, ನಾಳೆ ಆರನೇ ಟೇಬಲ್ಲಲ್ಲಿ ಆಡು ಅಂದಿರಿ.

ಮಾರನೇ ದಿನ ಆ ಟೇಬಲ್ಲಿನ ಪಕ್ಕ ನಿಂತು, ಸುತ್ತ ಯಾರೂ ಇಲ್ಲದಿದ್ದರೂ ದನಿ ತಗ್ಗಿಸಿ ನೀವು ಹೇಳಿದ್ದು ಇದು: ಯಾರಿಗೂ ಹೇಳ್ಬೇಡ, ಈ ಕಿಟಕಿ ಕಡೆ ಮೂಲೆ ರಬ್ಬರನ್ನ ಬೆಳಿಗ್ಗೆ ಎರಡೂ ಕಡೆ ಕೆತ್ತಿದೀನಿ, ಪಾಕೆಟ್ ಮೊದಲಿಗಿಂತ ಒಂದು ಬೆರಳು ಅಗಲ ಆಗಿದೆ, ಸ್ವಲ್ಪ ಆಚೀಚೆ ಆದ್ರೂ ನುಂಗತ್ತೆ. ಮಾಲೀಕರಿಗೆ ಗೊತ್ತಾದರೆ ನಿಮ್ಮ ಕೆಲಸಕ್ಕೆ ಕುತ್ತು ಎಂದು ನನಗೆ ದಿಗಿಲಾಯಿತು. ಆದರೆ ಆವತ್ತು ಹತ್ತಕ್ಕೆ ಐದು ಬಿತ್ತು, ಮುಂದಿನ ವಾರ ಏಳು, ರಜೆ ಮುಗಿಯುವ ಹೊತ್ತಿಗೆ ಒಂಬತ್ತು. ತಪ್ಪಿದರೂ ಪರವಾಗಿಲ್ಲ ಎಂದು ತಿಳಿದ ಮೇಲೆ ಕೈ ತಪ್ಪುವುದನ್ನೇ ಬಿಟ್ಟಿತು. ರಜೆ ಮುಗಿಸಿ ಹೋದ ದಿನ ಮೊದಲ ಮಗುವಿನ ಕೈ ಹಿಡಿದು, ಈ ನರವನ್ನೂ ಚಿಕ್ಕಮ್ಮ ಅಗಲ ಮಾಡಿಟ್ಟಿದ್ದಾರೆ ಅಂದುಕೊಂಡೆ. ಒಂದೇ ಸಲಕ್ಕೆ ಸಿಕ್ಕಿತು.

ಇಷ್ಟು ವರ್ಷ ನಿಮಗೆ ಹೇಳದ ಒಂದು ಮಾತಿದೆ. ಯಾರು ನನ್ನ ಕೈ ಹೊಗಳಿದರೂ ನನಗೆ ಆ ಕೆತ್ತಿದ ರಬ್ಬರು ನೆನಪಾಗುತ್ತಿತ್ತು, ನನ್ನದು ಮೋಸದ ಪಾಕೆಟ್ಟಿನಲ್ಲಿ ಕಲಿತ ಕೈ ಎಂದು ಒಳಗೇ ಕುಗ್ಗುತ್ತಿದ್ದೆ. ನಿಮ್ಮ ಮೇಲೆ ಸಿಟ್ಟೂ ಬಂದದ್ದುಂಟು. ಮಲಮಗಳು ಪಾಪ ಎಂದು ಅಗಲ ಮಾಡಿಕೊಟ್ಟರು, ಹೊಟ್ಟೆಯಲ್ಲಿ ಹುಟ್ಟಿದವಳಾಗಿದ್ದರೆ ಸರಿಯಾದ ಟೇಬಲ್ಲಿನಲ್ಲೇ ಆಡಿಸುತ್ತಿದ್ದರು ಎಂದು ಯೋಚಿಸಿದವಳು ನಾನು. ಕ್ಷಮಿಸಿ.

ನಿನ್ನೆ ಮೇಸ್ತ್ರಿ ಏನೆಂದರು ಗೊತ್ತೇ? ಇದು ಪಂದ್ಯ ಆಡೋರು ಅಭ್ಯಾಸ ಮಾಡೋ ಟೇಬಲ್, ಪಾಕೆಟ್ ಸಣ್ಣ, ಬೇರೆದರಲ್ಲಿ ಎರಡು ಚೆಂಡು ಅಕ್ಕಪಕ್ಕ ಇಟ್ಟು ತಳ್ಳಿದ್ರೆ ಪಾಕೆಟ್ ಒಳಗೆ ಹೋಗ್ತವೆ, ಇದರಲ್ಲಿ ಹೋಗಲ್ಲ ಎಂದರು. ನಾನು ಎಲ್ಲ ಬಲ್ಲವಳ ಹಾಗೆ ನಕ್ಕು, ಕಿಟಕಿ ಕಡೆಯ ಮೂಲೆ ಮಾತ್ರ ಹಾಗಲ್ಲ ಅಂದೆ. ಅವರು ಎರಡು ಚೆಂಡು ನನ್ನ ಕೈಗೇ ಕೊಟ್ಟರು. ಇಟ್ಟು ತಳ್ಳಿದೆ. ಎರಡೂ ಬಾಯಲ್ಲೇ ಸಿಕ್ಕಿಕೊಂಡು ನಿಂತವು. ಉಳಿದ ಮೂಲೆಗಳಲ್ಲೂ ಅಷ್ಟೇ. ಬಟ್ಟೆ ಬಿಚ್ಚಿದ ರಬ್ಬರನ್ನು ಬೆರಳಿನಿಂದ ಸವರಿ, ಟೇಬಲ್ ಜೊತೆ ಕಾರ್ಖಾನೆಯಿಂದ ಬಂದ ರಬ್ಬರೇ ಇದು, ಇದಕ್ಕೆ ಯಾರೂ ಚಾಕು ಮುಟ್ಟಿಸಿಲ್ಲ ಎಂದರು ಅವರು.

ದಿನವಿಡೀ ರಕ್ತವನ್ನು ಗೆರೆ ಮೀರದಂತೆ ಅಳೆಯುವವಳು ನಾನು. ಆ ಮೂಲೆಗೆ ಎರಡು ಚೆಂಡು ಇಟ್ಟು ನೋಡಬೇಕೆಂದು ನನಗೆ ಹೊಳೆಯಲೇ ಇಲ್ಲ. ನೀವು ಹೇಳಿದ್ದನ್ನು ನಂಬಿಬಿಟ್ಟಿದ್ದೆ, ಆಗಲೇ ಅಷ್ಟು ನಂಬಿದ್ದೆ ಎಂದು ನನಗೇ ಗೊತ್ತಿರಲಿಲ್ಲ. ಹಾಲಿನಲ್ಲೇ ಎಲ್ಲಕ್ಕಿಂತ ಬಿಗಿಯಾದ ಟೇಬಲ್ಲಿನಲ್ಲಿ ನನ್ನನ್ನು ಆಡಿಸಿ, ಹನ್ನೊಂದು ವರ್ಷ ಬಾಯಿ ಬಿಡದೆ ಕೂತಿರಲ್ಲ ಚಿಕ್ಕಮ್ಮ. ಮೇಸ್ತ್ರಿಯ ಎದುರಿಗೇ ಅತ್ತುಬಿಟ್ಟೆ. ಅವರು ಗಾಬರಿಯಾಗಿ ಕುಡಿಯಲು ನೀರು ತಂದರು. ನನ್ನ ಕೈ ನನ್ನದೇ ಎಂದು ನಿನ್ನೆ ತಿಳಿಯಿತು, ಅದನ್ನು ನನಗೆ ವಾಪಸ್ಸು ಕೊಟ್ಟವರು ನೀವು. ಇದಕ್ಕೆ ಥ್ಯಾಂಕ್ಸ್ ಅಂದರೆ ಸಾಲದು.

ಅಪ್ಪನಿಗೆ ಕೇಳಿದೆನೆಂದು ಹೇಳಿ.

ಹತ್ತಕ್ಕೆ ಒಂಬತ್ತು ಬೀಳಿಸುವ,
ನಿಮ್ಮ ಮಗಳು

ತಾ.ಕ.: ನಿಮ್ಮ ನರದ ವಿಷಯ ಮರೆತಿದ್ದೆ. ಗುರುವಾರ ಮಧ್ಯಾಹ್ನದ ಬಸ್ಸಿಗೆ ಸೂಜಿ ಹಿಡಿದು ನಾನೇ ಬರುತ್ತಿದ್ದೇನೆ. ಹೋದ ತಿಂಗಳು ನಿಮ್ಮ ಕೈ ಹಿಡಿದು ಕೂತಾಗ ಬೆರಳಿಟ್ಟು ನೋಡಿದ್ದೇನೆ, ಆ ಐದು ಕಡೆ ಚುಚ್ಚಿದವರಿಗೆ ಏನೂ ಗೊತ್ತಿಲ್ಲ. ಎಡಗೈಯಲ್ಲಿ, ಮೊಣಕೈ ಮಡಿಸುವ ಜಾಗದಲ್ಲಿ, ಒಂದು ಬೆರಳು ಅಗಲದ ನರ ಇದೆ. ಸ್ವಲ್ಪ ಆಚೀಚೆ ಆದರೂ ಸಿಗುತ್ತದೆ. ಯಾರಿಗೂ ಹೇಳಬೇಡಿ.