ಸೋನಾವಳಿಗೆ ಮುಂಚೆ ನಿಲ್ಲುವ ಗಾಡಿ

ಹಳಿಯಾಳ
೧೨ ಜುಲೈ ೨೦೨೫, ಶನಿವಾರ

ಪ್ರೀತಿಯ ಮಗಳು ದ್ರಾಕ್ಷಾಯಣಿಗೆ ಅವ್ವನ ಆಶೀರ್ವಾದಗಳು.

ಹೇಗಿದ್ದೀ? ರಾಯಚೂರಿನ ಬಿಸಿಲು ಈಗಲಾದರೂ ಇಳಿಯಿತೋ ಇಲ್ಲವೋ. ಹಾಸ್ಟೆಲಿನ ಹುಡುಗಿಯರಿಗೆಲ್ಲ ಕಣ್ಣುಬೇನೆ ಎಂದಿದ್ದೆ, ಕಡಿಮೆಯಾಯಿತೇ? ನೀನು ವಾರ್ಡನ್ ಇರಬಹುದು, ಆದರೆ ಅವರ ಟವೆಲ್ಲು ನೀನು ಮುಟ್ಟಬೇಡ. ಸೊಂಟನೋವಿಗೆ ಕೊಟ್ಟ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಅಥವಾ ಬಾಟಲಿ ಕಪಾಟಿನಲ್ಲಿ ಹಾಗೇ ಇದೆಯೋ ಎಂದು ಕೇಳಿದರೆ ನೀನು ನಿಜ ಹೇಳುವವಳಲ್ಲ. ಇಲ್ಲಿ ನಾವೆಲ್ಲ ಆರಾಮ. ನಿನ್ನ ತಮ್ಮ ವೀರೇಶನ ಅಂಗಡಿಯಲ್ಲಿ ಬೀಜ, ಗೊಬ್ಬರಕ್ಕೆ ಜನ ಮುಗಿಬಿದ್ದಿದ್ದಾರೆ, ಊಟಕ್ಕೆ ಬರಲೂ ಪುರಸೊತ್ತಿಲ್ಲ. ದಾನೇಶ್ವರಿ ಅಂಗಡಿಗೇ ಬುತ್ತಿ ಕಳಿಸುತ್ತಾಳೆ. ನನ್ನ ಮೊಣಕಾಲು ಎಂದಿನಂತೆ ಇದೆ.

ಕೈಯಲ್ಲಿ ಫೋನ್ ಇರುವಾಗ ಕಾಗದ ಯಾಕೆ ಎಂದು ನೀನು ಕೇಳುತ್ತೀ. ನಿನ್ನ ಫೋನ್ ಬಂದರೆ ನಿಮ್ಮ ಅಪ್ಪ ಸ್ಪೀಕರ್ ಹಾಕಿ ಪಡಸಾಲೆಯ ನಡುವೆ ಇಡುತ್ತಾರೆ. ಅವರ ವಿಷಯವನ್ನು ಅವರ ಎದುರಿಗೇ ಹೇಗೆ ಹೇಳಲಿ? ಅದಕ್ಕೇ ಈ ಕಾಗದ. ಓದಿದ ಮೇಲೆ ನನಗೆ ಒಂದು ದಾರಿ ಹೇಳು, ನನ್ನ ತಲೆ ಪೂರ್ತಿ ಕೆಟ್ಟುಹೋಗಿದೆ.

ನೀನು ಕಳಿಸಿದ ಕಂಪ್ಯೂಟರಿನ ಮಾತು. ಹೋದ ತಿಂಗಳು ಹದಿನೆಂಟಕ್ಕೆ ಬಂತಲ್ಲ, ಆ ದಿನ ಮನೆಯಲ್ಲಿ ನಡೆದದ್ದನ್ನು ಯಾರೂ ನಿನಗೆ ಸರಿಯಾಗಿ ಹೇಳಲಿಲ್ಲ. ದೊಡ್ಡ ರಟ್ಟಿನ ಡಬ್ಬ, ಅದರೊಳಗೆ ದಪ್ಪ ಸ್ಪಂಜು, ಸ್ಪಂಜಿನ ನಡುವೆ ಒಂದು ಕರೀ ಚೀಲ, ಚೀಲದೊಳಗೆ ಅದು. ನಮ್ಮ ಹಿಟ್ಟಿನ ಡಬ್ಬಿಯಷ್ಟೇ ಇದೆ. ದಾನೇಶ್ವರಿ ಖಾಲಿ ಡಬ್ಬದೊಳಗೆ ಮತ್ತೆ ಕೈಯಾಡಿಸಿ, "ಇಷ್ಟ ಏನ್ರಿ ಅತ್ತಿ, ಇನ್ನ ಏನಾರ ಬರೂದೈತೇನು?" ಎಂದಳು. ಎರಡು ಲಕ್ಷ ನಲವತ್ತು ಸಾವಿರ ಎಂದು ವೀರೇಶ ಹೇಳಿದಾಗ ನಾನು ಬಿಲ್ಲನ್ನು ಮತ್ತೊಮ್ಮೆ ಓದಿಸಿದೆ. ಬಾಕಿ ಸಂಬಳ ಒಮ್ಮೆಲೇ ಕೈಗೆ ಬಂದರೆ ಸ್ವಂತಕ್ಕೊಂದು ಗಾಡಿ ತೆಗೆದುಕೊಳ್ಳುತ್ತೇನೆ, ಬಸ್ಸಿನಲ್ಲಿ ನಿಂತು ಸಾಕಾಗಿದೆ ಎಂದವಳು ನೀನೇ ಅಲ್ಲವೇ? ಯುಗಾದಿಗೆ ಬಂದಾಗ ನಿಮ್ಮ ಅಪ್ಪ ವೀರೇಶನ ಹಳೇ ಕಂಪ್ಯೂಟರಿನಲ್ಲಿ ಆ ರೈಲಿನ ಆಟ ಆಡಲು ಹೋಗಿ, ಚಿತ್ರ ತಡವರಿಸಿ ತಡವರಿಸಿ ನಿಂತದ್ದನ್ನು ನೀನು ನೋಡಿದೆ. ಆ ಆಟದ ಹೆಸರು ಬರೆದುಕೊಂಡು ಹೋದೆ. ಅದು ನನಗೆ ಆಗಲೇ ಅರ್ಥವಾಗಬೇಕಿತ್ತು.

ಇದಕ್ಕೆ ಅಷ್ಟು ಬೆಲೆ ಇದೆಯೇ ಇಲ್ಲವೇ ಎಂದು ನಾನು ಕಂಡಕಂಡವರನ್ನು ಕೇಳಿದೆ. ಒಬ್ಬೊಬ್ಬರದು ಒಂದೊಂದು ಮಾತು. ಬಸ್‌ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಅಂಗಡಿ ಇಟ್ಟಿರುವ ಕಿರಣಕುಮಾರ ವಾಯರ್ ಹಾಕಿಕೊಡಲು ಬಂದಿದ್ದ, "ಇದs ಸಾಮಾನು ನಾನು ದೊಡ್ಡ ಡಬ್ಬ್ಯಾಗ ಜೋಡಿಸಿ ಕೊಟ್ಟಿದ್ರ ಎಪ್ಪತ್ತು ಸಾವಿರ ಉಳೀತಿತ್ತಲ್ರಿ ಅವ್ವಾರ. ಇದರಾಗ ನಾಳೆ ಏನಾರ ಬದಲ್ ಮಾಡಬೇಕಂದ್ರ ಕೈ ಹೋಗೂದಿಲ್ಲ" ಎಂದ. ಅಷ್ಟರಲ್ಲೇ ಅದರ ಮೈ ಸವರಿ, "ಆದ್ರ ಕೆಲಸ ಚೊಲೋ ಮಾಡ್ಯಾರ ನೋಡ್ರಿ, ಇಷ್ಟ ಸಣ್ಣದು, ಸಪ್ಪಳಾನ ಇಲ್ಲ. ನನಗ ಇದು ಆಗೂದಿಲ್ಲ" ಎಂದೂ ಅವನೇ ಹೇಳಿದ. ಹಾಗಾದರೆ ಹೆಚ್ಚು ಕೊಟ್ಟದ್ದು ಸರಿಯೋ ತಪ್ಪೋ? ಸಣ್ಣದಕ್ಕೆ ಯಾಕೆ ಹೆಚ್ಚು ಎಂದು ಎರಡು ದಿನ ಯೋಚಿಸಿದೆ. ಆಮೇಲೆ ಅನ್ನಿಸಿತು, ಕೂಸಿನ ಕುಲಾವಿ ಹೊಲಿಯಲು ದೊಡ್ಡವರ ಜಂಪರಿಗಿಂತ ಹೆಚ್ಚು ಹೊತ್ತು ಬೇಕು, ಸೂಜಿ ತಿರುಗಿಸಲು ಜಾಗವೇ ಇರುವುದಿಲ್ಲ. ನನ್ನ ಕೌದಿ ನೋಡಿ, ಹಳೇ ಸೀರೆಯ ತುಂಡಿಗೆ ಎರಡು ಸಾವಿರ ಯಾಕೆ ಎನ್ನುವವರೂ ಇದ್ದಾರಲ್ಲ, ನಾನೂ ಅವರಂತೆಯೇ ಮಾತಾಡುತ್ತಿದ್ದೇನೆಯೇ? ಆದರೂ ಕೌದಿ ಹೊದೆಯಲು ಬರುತ್ತದೆ. ಇದು ಯಾವುದಕ್ಕೆ ಬರುತ್ತದೆ ಎಂದು ನನಗೆ ಮೊದಲ ದಿನ ತಿಳಿಯಲೇ ಇಲ್ಲ.

ಎರಡನೆಯ ದಿನ ತಿಳಿಯಿತು. ಯಾರೋ ಹುಡುಗರು ಕುಳಿತು ನಿಮ್ಮ ಅಪ್ಪ ಗಾಡಿ ಓಡಿಸುತ್ತಿದ್ದ ನಮ್ಮ ಘಾಟಿನ ಹಳಿಯನ್ನೇ ಆ ಆಟದೊಳಗೆ ಕಟ್ಟಿದ್ದಾರಂತೆ. ಕ್ಯಾಸಲ್‌ರಾಕ್ ಸ್ಟೇಶನ್, ಅದರ ಹಂಚು, ಪ್ಲಾಟ್‌ಫಾರ್ಮಿನ ತುದಿಯ ನೀರಿನ ಟಾಕಿ, ಎಲ್ಲ ಇದೆ. ನಿಮ್ಮ ಅಪ್ಪ ಕುರ್ಚಿ ಎಳೆದು ಕುಳಿತು ಬ್ರೇಕು ಬಿಟ್ಟರು. ಗಾಡಿ ಇಳಿಯತೊಡಗಿತು. ಕಾರಂಜೋಳ ಸ್ಟೇಶನ್ ಬರುವ ಮೊದಲೇ ಯಾವ ತಿರುವಿನಲ್ಲಿ ಏನಿದೆ ಎಂದು ಬಾಯಿಂದ ಹೇಳುತ್ತ ಹೋದರು, ಹೇಳಿದ್ದೇ ಪರದೆಯ ಮೇಲೆ ಬರುತ್ತಿತ್ತು. ಮದುವೆಯಾಗಿ ನಲವತ್ತೆರಡು ವರ್ಷ, ಅವರು ಕೆಲಸ ಮಾಡುವುದನ್ನು ನಾನು ಅವತ್ತೇ ಮೊದಲು ನೋಡಿದ್ದು. ನನಗೆ ಕಣ್ಣು ತುಂಬಿ ಬಂತು ಮಗಳೇ, ಒಳಗೆ ಹೋಗಿ ಚಹಾ ಇಟ್ಟೆ.

ನಿನಗೆ ಗೊತ್ತಿದ್ದದ್ದೇ, ಆದರೂ ಬರೆಯುತ್ತೇನೆ. ರಿಟೈರ್ ಆಗುವ ಡ್ರೈವರ್ ಕೊನೆಯ ಸಲ ಗಾಡಿ ತಂದಾಗ ಇಂಜಿನ್ನಿಗೆ ಹೂವು ಕಟ್ಟುತ್ತಾರೆ, ಹಲಗೆ ಬಾರಿಸುತ್ತಾರೆ, ಮನೆಯವರು ಪ್ಲಾಟ್‌ಫಾರ್ಮಿಗೆ ಹೋಗಿ ಕೊರಳಿಗೆ ಹಾರ ಹಾಕುತ್ತಾರೆ. ಲಗಮಪ್ಪ ಕಾಕಾನ ಕೊನೆಯ ಟ್ರಿಪ್ಪಿಗೆ ಹಾರ ಒಯ್ದವರು ನಿಮ್ಮ ಅಪ್ಪನೇ. ಅವರ ಸರದಿ ಬರಲು ಎರಡು ವರ್ಷ ಇರುವಾಗ ಕಣ್ಣಿನ ಪರೀಕ್ಷೆಯಲ್ಲಿ ಫೇಲಾಗಿ, ಗಾಡಿಯಿಂದ ಇಳಿಸಿ ಆಫೀಸಿನಲ್ಲಿ ಕೂರಿಸಿದರು. ಕೊನೆಯ ಟ್ರಿಪ್ ಯಾವುದು ಎಂದು ಓಡಿಸುವಾಗ ಅವರಿಗೇ ಗೊತ್ತಿರಲಿಲ್ಲ. ಅವತ್ತು ಮನೆಗೆ ಬಂದು ಎಂದಿನಂತೆ ರೊಟ್ಟಿ, ಜುಣಕಾ ಕೇಳಿ ಉಂಡು ಮಲಗಿದರು. ಆ ಮೇಲೆ ಯಾರದೇ ಹಾರದ ಕಾರ್ಯಕ್ರಮಕ್ಕೂ ಹೋಗಲಿಲ್ಲ.

ಹೀಗಿರುವಾಗ ನನಗೆ ಆ ಪೆಟ್ಟಿಗೆಯ ಮೇಲೆ ಪ್ರೀತಿ ಹುಟ್ಟದೆ ಇರುತ್ತದೆಯೇ? ಮಳೆಗಾಲದ ತಂಪು, ಹಲ್ಲಿ, ಧೂಳು ಎಂದು ಅದಕ್ಕೊಂದು ಪುಟ್ಟ ಕೌದಿ ಹೊಲಿದೆ. ಮಿಕ್ಸರ್‌ಗೆ, ಟಿವಿಗೆ ಹೊಲಿದವಳು ಇದಕ್ಕೆ ಬಿಡುತ್ತೇನೆಯೇ? ಅವರ ಹಳೇ ಡ್ಯೂಟಿಯ ನೀಲಿ ಅಂಗಿಯನ್ನೇ ಕತ್ತರಿಸಿ ಮೇಲೆ ಹಾಕಿದೆ, ಒಳಗೆ ಮೂರು ಪದರು ಸೀರೆ. ಕೌದಿ ಹಸಿದಿರಬಾರದು ಎಂದು ಕೊನೆಯ ಮೂಲೆಯಲ್ಲಿ ನಾಲ್ಕು ಕಾಳು ಅಕ್ಕಿ ಇಟ್ಟು ಮುಚ್ಚಿದೆ. ಮುಂದೆ ಗುಂಡಿ ಒತ್ತಲು ಒಂದು ಕಿಂಡಿ, ಹಿಂದೆ ವಾಯರಿಗೆ ಒಂದು. ಅಂಗಿಯ ಬಟ್ಟೆ ನೋಡಿ ನಿಮ್ಮ ಅಪ್ಪ, "ಮ್ಯಾಲ ಹಂಗs ಇರ್ಲಿ, ತಗೀಬ್ಯಾಡ" ಎಂದರು. ನಮ್ಮ ಬೆಕ್ಕಿಗೂ ಅದು ಹಿಡಿಸಿಬಿಟ್ಟಿದೆ, ಗಾಡಿ ಓಡುವಾಗ ಅದರ ಮೇಲೆಯೇ ಮಲಗುತ್ತದೆ, ಎಬ್ಬಿಸಿದರೆ ಗುರ್ರೆನ್ನುತ್ತದೆ.

ಇನ್ನು ಕಷ್ಟದ ಮಾತು. ಗಾಡಿ ಘಾಟಿನ ಕೆಳಗಿನ ಕುಳೆಂ ಮುಟ್ಟುವುದೇ ಇಲ್ಲ. ಕ್ಯಾಸಲ್‌ರಾಕ್ ಬಿಟ್ಟು ದೂಧಸಾಗರ ದಾಟಿ, ಸೋನಾವಳಿ ಸ್ಟೇಶನ್ ಇನ್ನೇನು ಬಂತು ಎನ್ನುವಾಗ ಪರದೆ ಕಪ್ಪಾಗಿ ಎಲ್ಲ ನಿಂತುಬಿಡುತ್ತದೆ. ಮೊದಲ ಸಲ ಕರೆಂಟು ಹೋಯಿತು ಎಂದುಕೊಂಡೆವು. ಎರಡನೆಯ ಸಲ ನಿಮ್ಮ ಅಪ್ಪ ನಕ್ಕರು. ಒಂಬತ್ತು ಸಲ ಹೀಗಾಯಿತು, ಸರಿಸುಮಾರು ಅದೇ ಜಾಗದಲ್ಲಿ. ಕಂಪನಿಯವರಿಗೆ ವೀರೇಶ ಫೋನ್ ಮಾಡಿದ. ಅವರು ಗಾಳಿ ಚೆನ್ನಾಗಿ ಆಡುತ್ತದೆಯೇ ಎಂದು ಕೇಳಿದರಂತೆ. ಕಿಟಕಿ ಸದಾ ತೆರೆದೇ ಇರುತ್ತದೆ, ದಾಂಡೇಲಿ ಕಡೆಯ ಕಾಡಿನ ಗಾಳಿ ನೇರ ಒಳಗೆ ಬರುತ್ತದೆ ಎಂದು ನಾನೇ ಹೇಳಿಸಿದೆ. ಆಮೇಲೆ ಕಿರಣಕುಮಾರ ಮತ್ತೆ ಮನೆಗೆ ಬಂದ. ಬಂದವರೆದುರು ಪೆಟ್ಟಿಗೆ ಚೆಂದ ಕಾಣಲಿ ಎಂದು ಕೌದಿ ತೆಗೆದಿಟ್ಟೆ. ಅವನೇ ಕುಳಿತು ಗಂಟೆಗೂ ಹೆಚ್ಚು ಹೊತ್ತು ಏನೇನೋ ಓಡಿಸಿದ, ಒಮ್ಮೆಯೂ ನಿಲ್ಲಲಿಲ್ಲ. ಏನೂ ದೋಷವಿಲ್ಲ ಎಂದು ಚಹಾ ಕುಡಿದು ಹೋದ. ಸಂಜೆ ನಿಮ್ಮ ಅಪ್ಪ ಕುಳಿತರು, ಮತ್ತೆ ಅಲ್ಲೇ ನಿಂತಿತು.

ಅಲ್ಲಿಗೆ ಅವರು ಸೋತುಹೋದರು. "ಅವನ ಕೈಯಾಗ ನಡೀತು, ನನ್ನ ಕೈಯಾಗ ನಿಂತಿತು" ಎಂದರು. ಇದು ಯಂತ್ರದ ತಪ್ಪು ಎಂದು ವೀರೇಶ ಎಷ್ಟು ಹೇಳಿದರೂ ಕೇಳಲಿಲ್ಲ. "ಇಳಿಜಾರಿನ್ಯಾಗ ಬ್ರೇಕು ಯಾವಾಗ ಹಿಡೀಬೇಕು ಅನ್ನೂದು ಮರತೇನಿ. ರೈಲ್ವೆಯವ್ರು ನನ್ನ ಇಳಿಸಿದ್ದು ಸರೀನs ಐತಿ, ಇಷ್ಟು ದಿನ ನಾನs ಸುಮ್ನ ಸಿಟ್ಟು ಮಾಡಿದೆ" ಎಂದರು. ಈಗ ನಾಲ್ಕು ದಿನದಿಂದ ಆ ಕುರ್ಚಿಯ ಕಡೆ ನೋಡುತ್ತಿಲ್ಲ. ಜಗುಲಿಯ ಮೇಲೆ ಕುಳಿತಿರುತ್ತಾರೆ. ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡಿರುತ್ತಾರೆ. ಮೊನ್ನೆ, "ದ್ರಾಕ್ಷಾಯಣಿಗೆ ತಿಳಿಸು, ವಾಪಸ್ ಕಳಿಸೂಣು, ಅಕಿ ರೊಕ್ಕ ಅಕಿಗೆ ಬರ್ಲಿ" ಎಂದರು.

ತಿಂಗಳೊಳಗೆ ವಾಪಸ್ ಕೊಟ್ಟರೆ ಪೂರ್ತಿ ಹಣ ಬರುತ್ತದಂತೆ, ಅಂದರೆ ಇದೇ ಹದಿನೆಂಟರವರೆಗೆ. ವೀರೇಶ ಸೋಮವಾರ ಕಟ್ಟಿ ಇಡುತ್ತೇನೆ ಎಂದಿದ್ದಾನೆ. ನಿನ್ನ ದುಡ್ಡು ಉಳಿದು ನಿನಗೊಂದು ಗಾಡಿ ಬರಲಿ ಎಂದು ಒಂದು ಮನಸ್ಸು. ವಾಪಸ್ ಹೋದರೆ ತಾನು ಕೈಲಾಗದವನು ಎಂಬ ಮಾತು ಅವರ ಮನಸ್ಸಿನಲ್ಲಿ ಗಟ್ಟಿಯಾಗಿಬಿಡುತ್ತದೆ ಎಂದು ಇನ್ನೊಂದು ಮನಸ್ಸು. ಇಟ್ಟುಕೊಂಡರೆ ದಿನಾ ಅದನ್ನು ನೋಡಿ ಕೊರಗುತ್ತಾರೆ. ಬೇರೆ ದೊಡ್ಡ ಡಬ್ಬಿಯದು ತರೋಣವೇ, ಅದೂ ಅಲ್ಲೇ ನಿಂತರೆ? ನನಗೆ ಯಾವುದೂ ತಿಳಿಯುತ್ತಿಲ್ಲ. ನೀನೇ ನಿರ್ಧಾರ ಮಾಡಿ ವೀರೇಶನ ಅಂಗಡಿಗೆ ಫೋನ್ ಮಾಡು, ಮನೆಗೆ ಬೇಡ.

ದಾನೇಶ್ವರಿ ನಿನಗೆ ನಮಸ್ಕಾರ ತಿಳಿಸಿದ್ದಾಳೆ. ಶೇಂಗಾ ಚಟ್ನಿ ಮಾಡಿ ಡಬ್ಬಿಗೆ ತುಂಬಿಟ್ಟಿದ್ದಾಳೆ, ಬಂದಾಗ ಒಯ್ಯಿ. ಹೊತ್ತಿಗೆ ಸರಿಯಾಗಿ ಉಣ್ಣು, ಹುಡುಗಿಯರ ಮೇಲೆ ಹೆಚ್ಚು ಸಿಟ್ಟು ಮಾಡಬೇಡ. ಬಸವಣ್ಣ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅವ್ವ,
ಗುರುಸಿದ್ದವ್ವ

ತಾ.ಕ. ಸೋಮವಾರ ಬೆಳಿಗ್ಗೆ. ಶನಿವಾರ ಅಂಚೆಯ ಹೊತ್ತು ಮೀರಿತ್ತು, ಕಾಗದ ಇಲ್ಲೇ ಉಳಿಯಿತು, ಒಳ್ಳೆಯದೇ ಆಯಿತು. ನಿನ್ನೆ ಬೆಕ್ಕು ಆ ಕೌದಿಯ ಮೇಲೆ ಹೊಲಸು ಮಾಡಿತು, ಒಗೆದು ಹಾಕಿದೆ, ಈ ಹವೆಗೆ ಇನ್ನೂ ಒಣಗಿಲ್ಲ. ಮಧ್ಯಾಹ್ನ ನಿಮ್ಮ ಅಪ್ಪ, "ಕಳಿಸೂಕಿಂತ ಮೊದಲ ಒಮ್ಮೆ ಸ್ಟೇಶನ್ ನೋಡ್ತೇನಿ, ಗಾಡಿ ಬಿಡೂದಿಲ್ಲ" ಎಂದು ಕುಳಿತರು. ಸ್ವಲ್ಪ ಹೊತ್ತಿಗೆ ನೋಡಿದರೆ ಬ್ರೇಕು ಬಿಟ್ಟಿದ್ದರು. ದೂಧಸಾಗರ ದಾಟಿತು. ನಿಲ್ಲುವ ಜಾಗ ಬಂದಾಗ ಅವರು ನನ್ನ ಕಡೆ ನೋಡಿದರು, ನಾನು ಅವರ ಕಡೆ ನೋಡಿದೆ, ಸೋನಾವಳಿಯೂ ದಾಟಿತು. ಕುಳೆಂ ಸ್ಟೇಶನ್ನಿನಲ್ಲಿ ಗಾಡಿ ನಿಲ್ಲಿಸಿ ಕನ್ನಡಕ ಒರೆಸಿಕೊಂಡು, "ಗಾಡಿ ಇಳೀತು, ಸಿದ್ದವ್ವಾ" ಎಂದರು. ನಾನು ಪೆಟ್ಟಿಗೆಯ ತಲೆ ಮುಟ್ಟಿ ನೋಡಿದೆ. ಮೇಲೆಲ್ಲ ಸಣ್ಣ ಸಣ್ಣ ತೂತು, ಅಲ್ಲಿಂದ ಬಿಸಿ ಗಾಳಿ ಬುಸುಬುಸು ಬರುತ್ತಿತ್ತು. ಅಷ್ಟೂ ದಿನ ಕೌದಿ ಹೊದಿಸಿ ಅದರ ಮೂಗು ಮುಚ್ಚಿದವಳು ನಾನು, ಕಾದು ಕಾದು ಅದು ನಿಲ್ಲುತ್ತಿತ್ತು. ಘಾಟಿನಲ್ಲಿ ಗಾಲಿ ಕಾದರೆ ನಿಲ್ಲಿಸಿ ಆರಿಸುತ್ತಾರೆ ಎಂದು ಇವರು ನನಗೆ ಸಾವಿರ ಸಲ ಹೇಳಿದ್ದಾರೆ, ಆದರೂ ಇಬ್ಬರಿಗೂ ಹೊಳೆಯಲಿಲ್ಲ. ಅಲ್ಲಿ ಬೆಚ್ಚಗಿದೆ ಎಂದು ಬೆಕ್ಕಿಗೆ ಮಾತ್ರ ಗೊತ್ತಿತ್ತು. ಅವರಿಗೆ ಇನ್ನೂ ಹೇಳಿಲ್ಲ, ಕೈ ಮರಳಿ ಬಂತು ಎಂದು ಖುಷಿಯಲ್ಲಿದ್ದಾರೆ. ಹೇಳದಿದ್ದರೆ ಆ ಮೊದಲಿನ ಸಲಗಳೆಲ್ಲ ತಮ್ಮದೇ ತಪ್ಪು ಎಂದುಕೊಂಡೇ ಇರುತ್ತಾರೆ, ಅದಕ್ಕೆ ಹೇಳಲೇಬೇಕು, ನೀನು ಜೊತೆಗಿದ್ದರೆ ಧೈರ್ಯ. ವಾಪಸ್ ಬೇಡ ಎಂದು ಕಾಗದ ಮುಟ್ಟಿದ ಕೂಡಲೇ ಕಂಪನಿಗೆ ತಿಳಿಸು, ನಿನ್ನ ಗಾಡಿಗೆ ನನ್ನ ಕೌದಿಯ ದುಡ್ಡು ಕೂಡಿಸುತ್ತೇನೆ. ಬರುವ ಭಾನುವಾರ ಹತ್ತು ಗಂಟೆಗೆ ನಿಮ್ಮ ಅಪ್ಪ ಈ ಪೆಟ್ಟಿಗೆಯಲ್ಲಿ ಕ್ಯಾಸಲ್‌ರಾಕ್‌ನಿಂದ ಗಾಡಿ ಬಿಡುತ್ತಾರಂತೆ, ಲಗಮಪ್ಪ ಕಾಕಾನನ್ನೂ ಕರೆದಿದ್ದೇನೆ. ನೀನು ಬಾ. ಬರುವಾಗ ಚೆಂಡುಹೂವಿನ ದೊಡ್ಡ ಹಾರ ಒಂದೇ ತಾ, ಅವರ ಕೊರಳಿಗೆ. ಪೆಟ್ಟಿಗೆಗೆ ಬೇಡ, ಅದಕ್ಕೆ ಗಾಳಿ ಬೇಕು.