ಒಂಬತ್ತನೆಯ ಸದ್ದು

ಶೆಟ್ಟಿಹಳ್ಳಿ, ಜಾಲಹಳ್ಳಿ ಅಂಚೆ
೩ ನವೆಂಬರ್ ೧೯೬೧

ಚಿರಂಜೀವಿ ಬೈರಣ್ಣನಿಗೆ ನಿನ್ನ ಅಪ್ಪ ಮಾಡುವ ಆಶೀರ್ವಾದ.

ಹುಷಾರಾಗಿದ್ದೀಯಾ? ಕೆಮ್ಮು ಬಿಟ್ಟಿತೆ? ಅಲ್ಲಿನ ಚಳಿಗೆ ಬಿಂದಿಗೆಯ ನೀರೂ ಗಟ್ಟಿಯಾಗುತ್ತದೆ ಎಂದು ನೀನು ಬರೆದಿದ್ದೆ. ಅದನ್ನು ಕೇಳಿದ ದಿನದಿಂದ ನಿನ್ನ ಅವ್ವ "ನನ್ ಮಗ ಎಂಗವ್ನೋ, ಏನ್ ಒದ್ಕತಾನೋ" ಎಂದು ನನ್ನ ತಲೆ ತಿನ್ನುತ್ತಿದ್ದಾಳೆ. ಅವಳ ಸಮಾಧಾನಕ್ಕೆ ಕಂಬಳಿಯ ಬಗ್ಗೆ ಒಂದು ಸಾಲು ಬರಿ. ಇಲ್ಲಿ ಎಲ್ಲರೂ ಕ್ಷೇಮ, ಈ ಸಲ ರಾಗಿ ತೆನೆ ಚೆನ್ನಾಗಿದೆ.

ನೀನು ಕ್ಯಾಪ್ಟನ್ ಆದದ್ದನ್ನು ಊರಿಗೆಲ್ಲ ಸಾರಿದ್ದೇನೆ. ಬಂಡೆ ಒಡೆಯುವವನ ಮಗ ಇಂಜಿನಿಯರ್ ಓದಿದ, ಸೈನ್ಯ ಸೇರಿದ, ಕಾಶ್ಮೀರದ ಹೊಳೆಗೆ ಸೇತುವೆ ಕಟ್ಟಿದ, ಈಗ ಹಿಮಾಲಯ ಸಿಡಿಸಿ ರಸ್ತೆ ಮಾಡುತ್ತಿದ್ದಾನೆ ಎಂದು ಅರಳಿಕಟ್ಟೆಯಲ್ಲಿ ಕೊಚ್ಚಿಕೊಂಡೆ. ಪಕ್ಕದ ಮನೆ ನಾರಾಯಣಮ್ಮ "ಎತ್ತೋರ್ಗೆ ಎಗ್ಗಣ ಮುದ್ದು" ಎಂದು ನಕ್ಕಳು. ನಗಲಿ ಬಿಡು.

ಆದರೆ ನಿನ್ನ ಹಿಂದಿನ ಕಾಗದ ಬಂದಾಗಿನಿಂದ ನನಗೆ ಭಯ ಹತ್ತಿದೆ. ಹಿಮ ಬೀಳುವುದರೊಳಗೆ ರಸ್ತೆ ಮುಗಿಸಬೇಕು, ದಿನಕ್ಕೆ ನಾಲ್ಕು ಸಲ ಬಂಡೆ ಸಿಡಿಸುತ್ತೇವೆ, ಸದ್ದು ಎಣಿಸಿಕೊಂಡು ನಾನೇ ಮೊದಲು ಹೋಗಿ ನೋಡುತ್ತೇನೆ ಎಂದು ಬರೆದಿದ್ದೀಯ. "ನೀವು ಕಲಿಸಿದ ಎಣಿಕೆ ಅಪ್ಪಾ, ತಪ್ಪುವುದೇ ಇಲ್ಲ" ಎಂದಿದ್ದೀಯ. ಆ ಸಾಲು ಓದಿದ ಮೇಲೆ ನನಗೆ ಊಟ ಸೇರುತ್ತಿಲ್ಲ. ಎಷ್ಟು ಕುಳಿಗೆ ಮದ್ದು ತುಂಬಿ ಬತ್ತಿ ಹಚ್ಚಿದೆವೋ ಅಷ್ಟು ಸದ್ದು ಕೇಳಬೇಕು, ಒಂದು ಕಡಿಮೆಯಾದರೂ ಆ ದಿನ ಬಂಡೆಯ ಹತ್ತಿರ ಸುಳಿಯಬಾರದು. ನಿನಗೆ ಎಂಟು ವರ್ಷವಾಗಿದ್ದಾಗಲೇ ಇದನ್ನು ಹೇಳಿಕೊಟ್ಟಿದ್ದೆ. ನಿನ್ನ ಅಣ್ಣ ಮುನಿಶಾಮಪ್ಪನಿಗೂ ಹೇಳಿದ್ದೆ. ಏಳು ವರ್ಷದ ಹಿಂದೆ ಕಾರ್ಖಾನೆಯ ಪಾಯಕ್ಕೆ ಕಲ್ಲು ಒಡೆಯುವಾಗ ಅವನು ಹೋದ. ನೀನಾಗ ಹಾಸ್ಟೆಲಿನಲ್ಲಿದ್ದೆ. ಎಣಿಸದೆ ನುಗ್ಗಿದ, ಆತುರಗಾರ ಎಂದು ಊರವರು ಈಗಲೂ ಅನ್ನುತ್ತಾರೆ.

ಈ ಕಾಗದ ಕೈಸೇರಿದ ಕೂಡಲೆ ಎರಡಕ್ಷರ ಬರಿ. ಅವ್ವ ನಿನ್ನ ಹೆಸರಲ್ಲಿ ಮುನೇಶ್ವರನಿಗೆ ಹರಕೆ ಹೊತ್ತಿದ್ದಾಳೆ. ದೇವರು ನಿನ್ನ ಬೆನ್ನಿಗಿರಲಿ.

ನಿನ್ನ ಅಪ್ಪ,
ಚಿಕ್ಕಹನುಮಯ್ಯ

ವಿ.ಸೂ.: ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಹೇಳಿಬಿಡುತ್ತೇನೆ. ನಿನ್ನ ಅಣ್ಣ ಆತುರಪಡಲಿಲ್ಲ. ಅಂದು ಒಂಬತ್ತು ಕುಳಿ ಇದ್ದವು, ಎಣಿಸಿದವನು ನಾನು. ಸಿಡಿದದ್ದು ಎಂಟೇ. ಎದುರು ಬಂಡೆಗೆ ಬಡಿದು ಬಂದ ಮಾರ್ದನಿಯನ್ನೂ ಸೇರಿಸಿ ಒಂಬತ್ತು ಎಂದುಕೊಂಡೆ. "ಎಲ್ಲಾ ಆಯ್ತೇನಪ್ಪಾ?" ಅಂತ ಕೇಳಿದ. "ಆಯ್ತು, ಓಗೋ" ಅಂದೆ. ಅವನು ಹೋಗಿ ಬಗ್ಗಿ ನೋಡುವಾಗ ಒಂಬತ್ತನೆಯದು ಸಿಡಿಯಿತು. ಊರು ಅವನನ್ನು ಆಡಿಕೊಂಡಾಗಲೆಲ್ಲ ನಾನು ಬಾಯಿ ಮುಚ್ಚಿಕೊಂಡಿದ್ದೆ, ನಿನ್ನ ಅವ್ವನಿಗೂ ಹೇಳಿಲ್ಲ. ನಿನ್ನ ಸುತ್ತ ನಾಲ್ಕು ಕಡೆಯೂ ಬೆಟ್ಟ, ಅಲ್ಲಿ ಎಷ್ಟು ಮಾರ್ದನಿ ಬರುತ್ತದೋ. ನನ್ನ ಮುಖ ನೋಡುವುದಿಲ್ಲ ಎಂದರೂ ಸರಿ ಮಗಾ, ನಾನು ಕಲಿಸಿದ ಎಣಿಕೆ ನಂಬಿಕೊಂಡು ಹೋಗಬೇಡ ಕಣೋ.