ಹಿಮದ ಕೆಳಗೆ ನಗಾರಿ

ಜನವರಿ ೨೮

ಮಹಾಜನಗಳೇ, ಹಿಂದಿನ ಸಾಲಿನವರೇ, ನೆಲದ ಮೇಲೆ ಕೂತವರೇ — ಸದ್ದಡಗಲಿ! ಈ ದಿನಚರಿ ಓದುವವರು ಯಾರೂ ಇಲ್ಲ, ಇರಲಿ. ಊರಿನ ಕಬುಕಿ ನಾಟಕದ ರಂಗದ ಮೇಲೆ ಬೆಳೆದ ಬಾಯಿ, ಬರೆಯುವಾಗಲೂ ಸುಮ್ಮನಿರದು.

ಇವತ್ತೂ ಮೋಡವಿಲ್ಲ. ಗಡ್ಡ ಹೆಪ್ಪುಗಟ್ಟುವ ಚಳಿ. ಪೂರ್ವದ ಇಳಿಜಾರಿನ ಮೈತುಂಬ ಗರಿಯಂಥ ಮಂಜಿನ ಹರಳು ಎದ್ದಿದೆ. ಮಗಳು ಮಿಸುಜು ಫೋಟೊ ತೆಗೆದಳು, ಚೆಂದ ಅಂದಳು. ಚೆಂದವೇ. ಇದರ ಮೇಲೆ ಹೊಸ ಹಿಮ ಬಿದ್ದರೆ ಗೋಲಿಗಳ ಮೇಲೆ ಹಾಸಿಗೆ ಹಾಸಿದ ಹಾಗೆ, ಮೆಟ್ಟಿದರೆ ಇಡೀ ಹಿಮವೇ ಜಾರಿ ಬರುತ್ತದೆ. ಹೇಳಿದೆ. ಕೇಳಿಸಿಕೊಂಡಳೋ ಇಲ್ಲವೋ.

ಫೆಬ್ರವರಿ ೨

ಎಡೆಬಿಡದೆ ಹಿಮ ಸುರಿಯಿತು. ನಮ್ಮ ಲಾಡ್ಜಿನ ಛಾವಣಿಯ ಹಿಮ ತಳ್ಳಿ ತಳ್ಳಿ ಸೊಂಟ ಹೋಯಿತು. ಬರೆಯಲು ಪುರುಸೊತ್ತೆಲ್ಲಿ...

ಇವತ್ತು ಗಾಳಿ ನಿಂತಿತು. ಒಬ್ಬನೇ ಪೂರ್ವದ ಇಳಿಜಾರಿನ ಬುಡದವರೆಗೆ ಹೋದೆ. ಸ್ಕೀ ಊರಿದೆ — ಧುಂ. ಕಾಲಡಿಯಲ್ಲಿ. ಬಟ್ಟೆ ಸುತ್ತಿದ ಕೋಲಿನಿಂದ ದೊಡ್ಡ ನಗಾರಿ ಬಡಿದ ಹಾಗೆ. ರಂಗದಲ್ಲಿ ಹಿಮ ಬೀಳುವಾಗ ಪರದೆಯ ಹಿಂದೆ ಬಡಿಯುವುದು ಅದನ್ನೇ. ಚಿಕ್ಕಂದಿನಲ್ಲಿ ನಾನೇ ಬಡಿದಿದ್ದೇನೆ. ಇಲ್ಲಿ ಬಡಿದವರು ಯಾರು? ಬಿರುಕೊಂದು ನನ್ನ ಸ್ಕೀಯಿಂದ ಹೊರಟು ಮೇಲಕ್ಕೆ ಓಡಿತು. ಕಣ್ಣೆದುರೇ. ಉಸಿರು ಬಿಗಿಹಿಡಿದು, ಬಂದ ಗೆರೆಯಲ್ಲೇ ಹಿಂದಕ್ಕೆ ಬಂದೆ. ಅಕ್ಷರಗಳು ಇನ್ನೂ ಸಾಲಿನಲ್ಲಿ ನಿಲ್ಲುತ್ತಿಲ್ಲ.

ಫೆಬ್ರವರಿ ೩, ಸಂಜೆ

ಆಕಾಶ ತೊಳೆದಂತಿದೆ. ನಾಳೆ ಮಿಸುಜು ಒಸಾಕಾದ ಅತಿಥಿಗಳನ್ನು ಅದೇ ಇಳಿಜಾರಿಗೆ ಸ್ಕೀ ಆಡಲು ಕರೆದೊಯ್ಯುತ್ತಾಳಂತೆ. ಅವಳೇ ಗೈಡು.

ಊಟಕ್ಕೆ ಕೂತಾಗ ಎಲ್ಲವನ್ನೂ ಹೇಳಿದೆ — ನಗಾರಿ, ಬಿರುಕು, ಅಡಿಯಲ್ಲಿ ಹೂತುಹೋದ ಹರಳು. ದನಿ ತಾನಾಗಿ ಏರಿತು, ಕೈ ತಾನಾಗಿ ಎದ್ದಿತು. ಮುಗಿಸಿದಾಗ ಅತಿಥಿಗಳು ಚಪ್ಪಾಳೆ ತಟ್ಟಿದರು. ಒಬ್ಬ ನನಗೆ ಒಂದು ಬಟ್ಟಲು ಸಾಕೆ ಮದ್ಯ ಬಗ್ಗಿಸಿಕೊಟ್ಟು, "ಯಜಮಾನ್ರೇ, ಇನ್ನೊಂದ್ಸಲ ಆ ಧುಂ ಮಾಡಿ" ಅಂದ.

ಅಡುಗೆಮನೆಯಲ್ಲಿ ಮಗಳನ್ನು ಹಿಡಿದೆ. ಲಾಡ್ಜಿನ ಹಿಂದೆ ಹಿಮದಲ್ಲಿ ಗುಂಡಿ ತೋಡಿ ನೋಡಿದ್ದಾಳಂತೆ, ಪದರವೆಲ್ಲ ಗಟ್ಟಿಯಂತೆ. ಇಲ್ಲಿಯ ಹರಳನ್ನು ಹಿಮ ಬೀಳುವ ಮೊದಲೇ ಗಾಳಿ ಗುಡಿಸಿಕೊಂಡು ಹೋಗಿತ್ತು, ಮೇಲೆ ಇಳಿಜಾರಿನಲ್ಲಿ ಹಾಗಿಲ್ಲ ಎಂದೆ.

"ಅಪ್ಪಾ, ಹೋದ ವರ್ಷ ಮಿಸೊ ಸಾರಿಗೆ ಉಪ್ಪು ಜಾಸ್ತಿ ಆಗಿದ್ದಕ್ಕೂ ನೀನು ಹೀಗೇ ನಡುಗಿದ್ದೆ."

"ಇದು ನಾಟಕ ಅಲ್ಲ ಕಣೇ."

"ಅದನ್ನೂ ನಾಟಕದ ದನೀಲೇ ಹೇಳ್ತಿದ್ದೀಯಲ್ಲ."

ನಿಜ. ಬೇರೆ ದನಿ ನನ್ನ ಹತ್ತಿರ ಇಲ್ಲ.

ನಾಳೆ ಬೆಳಗ್ಗೆ ಅವಳು ಏಳುವ ಮುಂಚೆ ಹೊರಡುತ್ತೇನೆ. ಇಳಿಜಾರಿನ ಅಂಚಿನಲ್ಲಿ, ಮರಗಳ ಹತ್ತಿರ ಗುಂಡಿ ತೋಡಿ ಕಾಯುತ್ತೇನೆ. ಬಂದಳೆಂದರೆ, ಬಾಯಿ ಬಿಡದೆ ಅವಳ ಕೈ ಹಿಡಿದು, ಆ ಸಡಿಲ ಹರಳಿನ ಪದರದೊಳಗೆ ಇಡುತ್ತೇನೆ. ಅವಳ ಬೆರಳಿಗೇ ತಿಳಿಯಲಿ.